ಶಾಲೆಯಲ್ಲಿ ಏಳು ವರ್ಷ ನಿಂತ ಆಳೆತ್ತರದ ಅಸ್ಥಿಪಂಜರ: ಕೊಳ್ಳುವವರಿಗೆ ನನ್ನ ಅನುಭವ

2018ರ ಜೂನ್‌ನಲ್ಲಿ ಹುಬ್ಬಳ್ಳಿಯ ಲ್ಯಾಬ್ ಸಾಮಾನಿನ ಅಂಗಡಿಯೊಂದರಿಂದ ಈ ಪ್ಲಾಸ್ಟಿಕ್ ಅಸ್ಥಿಪಂಜರ ತಂದೆವು. ಎತ್ತರ 168 ಸೆಂ.ಮೀ., ಕೆಳಗೆ ಐದು ಗಾಲಿಯ ಸ್ಟ್ಯಾಂಡು, ಬೆಲೆ ₹6,800. ದುಡ್ಡು ಹಳೆಯ ವಿದ್ಯಾರ್ಥಿಗಳು ಕೂಡಿಸಿ ಕೊಟ್ಟದ್ದು. ಗದಗ ಜಿಲ್ಲೆಯ ಮುಂಡರಗಿ ತಾಲೂಕಿನ ಹಳ್ಳಿಯೊಂದರ ಪ್ರೌಢಶಾಲೆಯಲ್ಲಿ ನಾನು ವಿಜ್ಞಾನ ಕಲಿಸುತ್ತೇನೆ. ಬಸ್ಸಿನಲ್ಲಿ ರಟ್ಟಿನ ಪೆಟ್ಟಿಗೆಗೆ ಲಗೇಜ್ ಟಿಕೆಟ್ ತೆಗೆದುಕೊಂಡು, ಮುಂಡರಗಿಯವರೆಗೂ ಅದರ ಮೇಲೊಂದು ಕೈ ಇಟ್ಟುಕೊಂಡೇ ಬಂದಿದ್ದೆ. ಬೇರೆ ಶಾಲೆಯ ಶಿಕ್ಷಕರು ಆಗಾಗ ಫೋನ್ ಮಾಡಿ ಕೇಳುತ್ತಿರುತ್ತಾರೆ, ತಗೋಬಹುದೇನ್ರಿ ಎಂದು. ಅವರಿಗೆಲ್ಲ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಪೆಟ್ಟಿಗೆ ಬಿಚ್ಚಿದ ದಿನ ಮಕ್ಕಳು ಕೇಳಿದ ಮೊದಲ ಪ್ರಶ್ನೆ, "ಟೀಚರ್ರಿ, ಇದು ಖರೇ ಮನಷಾಂದನ್ರಿ?" ಅಲ್ಲ ಎಂದೆ. ಆದರೆ ಆ ಪ್ರಶ್ನೆಗೆ ಆಧಾರವಿದೆ. ಒಂದು ಕಾಲಕ್ಕೆ ಜಗತ್ತಿನ ವೈದ್ಯಕೀಯ ಕಾಲೇಜುಗಳಿಗೆ ನಿಜವಾದ ಮನುಷ್ಯರ ಎಲುಬು ಬಹಳಷ್ಟು ಹೋಗುತ್ತಿದ್ದದ್ದು ನಮ್ಮ ದೇಶದಿಂದಲೇ. 1985ರಲ್ಲಿ ಸರ್ಕಾರ ಆ ರಫ್ತನ್ನು ನಿಷೇಧಿಸಿತು. ಇಷ್ಟು ಹೇಳಿದ ಮೇಲೆ ತರಗತಿ ಗಪ್ಪಾಯಿತು. ಎಲುಬನ್ನು ಮುಟ್ಟುವ ಕೈಗಳು ಅಂದಿನಿಂದ ಸ್ವಲ್ಪ ಮೆತ್ತಗಾದವು.

ಪೆಟ್ಟಿಗೆಯ ಮೇಲೆ 206 ಎಲುಬು ಎಂದು ಅಚ್ಚಾಗಿತ್ತು. ಎಣಿಸಿ ಎಂದು ಎಂಟನೆಯ ತರಗತಿಗೆ ಬಿಟ್ಟೆ. ಎರಡು ಪಿರಿಯಡ್ ಹಿಡಿಯಿತು. ಮೊದಲು ಹಲ್ಲನ್ನೂ ಎಣಿಸಿದರು. ಹಲ್ಲು ಎಲುಬಲ್ಲ ಎಂದು ಬಿಡಿಸಿದೆ. ತಲೆಬುರುಡೆಯಲ್ಲಿ ಬೆಸುಗೆಯ ಗೆರೆ ನೋಡಿಕೊಂಡು 22, ಒಂದೊಂದು ಕೈಯ ಮಣಿಕಟ್ಟಿನಿಂದ ಬೆರಳ ತುದಿಗೆ 27, ಒಂದೊಂದು ಪಾದದಲ್ಲಿ 26. ಎರಡು ಕೈ ಎರಡು ಪಾದ ಕೂಡಿದರೆ 106, ಅಂದರೆ ಮೈಯ ಅರ್ಧಕ್ಕಿಂತ ಹೆಚ್ಚು ಎಲುಬು ಅಲ್ಲೇ. ಕೊನೆಗೆ ಏಳು ಕಡಿಮೆ ಬಿದ್ದವು. ಕಿವಿಯೊಳಗಿನ ಆರು ಪುಟ್ಟ ಎಲುಬುಗಳಿಲ್ಲ. ಅವುಗಳಲ್ಲೇ ತೀರಾ ಚಿಕ್ಕದಾದ, ರಿಕಾಪಿನ (ಕುದುರೆ ಸವಾರ ಕಾಲಿಡುವ ಕೊಂಡಿ) ಆಕಾರದ್ದು ಸುಮಾರು 3 ಮಿ.ಮೀ. ಮಾತ್ರ. ನಾಲಿಗೆಯ ಬುಡದಲ್ಲಿ ಬೇರಾವ ಎಲುಬಿಗೂ ಕೂಡದೆ ಸ್ನಾಯುಗಳಲ್ಲೇ ತೂಗುವ ಹಯಾಯ್ಡ್ ಎಲುಬೂ ಇಲ್ಲ. ಈ ಬೆಲೆಯ ಮಾದರಿಗಳಲ್ಲಿ ಇವು ಇರುವುದು ಅಪರೂಪ, ಅದನ್ನು ದೊಡ್ಡ ದೋಷವೆಂದು ನಾನು ಹಿಡಿಯುವುದಿಲ್ಲ. ಇಲ್ಲದ್ದನ್ನು ಹುಡುಕಿದ್ದರಿಂದಲೇ ಆ ಏಳೂ ಮಕ್ಕಳಿಗೆ ನೆನಪುಳಿದವು.

ಕೈ ಅದಲುಬದಲಾಗಿ ಬಂದಿದ್ದು ಮಾತ್ರ ನಿಜವಾದ ದೋಷ. ವಾರದ ಮೇಲೆ ಒಬ್ಬ ಹುಡುಗಿ ಹಿಡಿದಳು: "ಟೀಚರ್ರಿ, ಈ ಕೈ ಉಲ್ಟಾ ಅದಾವ್ರಿ." ನಮ್ಮ ಕೈ ಇಳಿಬಿಟ್ಟು ಅಂಗೈ ಮುಂದೆ ಮಾಡಿದರೆ ಹೆಬ್ಬೆರಳು ಹೊರಗೆ ಬರುತ್ತದೆ, ಇದಕ್ಕೆ ಒಳಗೆ ಬರುತ್ತಿತ್ತು. ಮುಂಗೈಯ ಎರಡು ಎಲುಬುಗಳಲ್ಲಿ ರೇಡಿಯಸ್ ಯಾವಾಗಲೂ ಹೆಬ್ಬೆರಳ ಮಗ್ಗುಲಿಗೆ ಇರಬೇಕು. ಅಂಗಡಿಗೆ ಫೋನ್ ಮಾಡಿದರೆ ಸರಿಯಾದ ಉತ್ತರ ಸಿಗಲಿಲ್ಲ. ನಾವೇ ಸ್ಕ್ರೂ ಬಿಚ್ಚಿ ಬದಲಿಸಿದೆವು, ಹತ್ತು ನಿಮಿಷದ ಕೆಲಸ. ಕೊಳ್ಳುವಾಗ ಅಂಗಡಿಯಲ್ಲೇ ಇದೊಂದನ್ನು ನೋಡಿಕೊಳ್ಳಿ.

ಬಾಳಿಕೆಯ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಫರಸಿ ಕಲ್ಲಿನ ನೆಲದ ಮೇಲೆ ಗಾಲಿ ಎರಡೇ ವರ್ಷ ಬಂದವು. ಗ್ಯಾರೇಜಿನಲ್ಲಿ ಕಬ್ಬಿಣದ ಅಡಿ ಬೆಸೆಸಿದೆವು. ಕೊರೊನಾ ಕಾಲದಲ್ಲಿ ಶಾಲೆ ಮುಚ್ಚಿದ್ದಾಗ ತಗಡಿನ ಮಾಡಿನ ಕೋಣೆಯಲ್ಲಿ ಕಿಟಕಿಯ ಪಕ್ಕ ನಿಂತೇ ಇತ್ತು. ನಮ್ಮ ಕಡೆಯ ಏಪ್ರಿಲ್ ಬಿಸಿಲಿಗೆ ಪಕ್ಕೆಲುಬು ಮೆತ್ತಗಾಗಿ ಒಂದು ಮಗ್ಗುಲು ಜೋತು ಬಿದ್ದವು, ಆ ಕಡೆ ಬಣ್ಣವೂ ಹಳದಿಗೆ ತಿರುಗಿತು. ಬೇಸಿಗೆ ರಜೆಗೆ ಮುಂಚೆ ಕಳಚಿ ಪೆಟ್ಟಿಗೆಯಲ್ಲಿಡಿ. ದವಡೆಯ ಸ್ಪ್ರಿಂಗ್ ಮೂರು ಸಲ ಹೋಯಿತು. ತಲೆಬುರುಡೆ, ಸೊಂಟ, ತೊಡೆಯೆಲುಬು ಇವತ್ತಿಗೂ ಹೊಸದರಂತೆ ಇವೆ.

ಇನ್ನು ನಾನು ಹೇಳಲೇಬೇಕಾದದ್ದು. ಇದನ್ನು ತಂದು ನಿಲ್ಲಿಸಿ ಎಲುಬಿನ ಹೆಸರು ಹೇಳಿಸುತ್ತ ಹೋದರೆ ಮಕ್ಕಳು ತಪ್ಪು ಕಲಿಯುತ್ತಾರೆ. ಮೊದಲ ವರ್ಷ ನಾನು ಮಾಡಿದ್ದು ಅದನ್ನೇ. ಪರೀಕ್ಷೆಯಲ್ಲಿ "ದೇಹವನ್ನು ನೆಟ್ಟಗೆ ನಿಲ್ಲಿಸುವುದು ಯಾವುದು?" ಎಂದು ಕೇಳಿದ್ದಕ್ಕೆ ಎಲ್ಲರೂ ಎಲುಬು ಎಂದಷ್ಟೇ ಬರೆದರು. ಸ್ಟ್ಯಾಂಡಿನ ಸರಳು ಕಣ್ಣೆದುರಿಗೇ ಇದ್ದರೂ ಯಾರಿಗೂ ಅದು ಹೊಳೆಯಲಿಲ್ಲ. ಮರುದಿನ ಕೊಕ್ಕೆ ಬಿಚ್ಚಿ ತೋರಿಸಿದೆ. ಇಬ್ಬರು ಹುಡುಗರು ಹಿಡಿದುಕೊಂಡಿದ್ದರಿಂದ ಉಳಿಯಿತು, ಇಲ್ಲದಿದ್ದರೆ ಇಡೀ ಮೈ ಕುಸಿದು ನೆಲಕ್ಕೆ ಬೀಳುತ್ತಿತ್ತು. ನಮ್ಮ ಮೈಯಲ್ಲಿ ಆ ಸರಳಿನ ಕೆಲಸ ಮಾಡುವುದು ಆರು ನೂರಕ್ಕೂ ಹೆಚ್ಚು ಸ್ನಾಯುಗಳು ಮತ್ತು ಕೀಲುಗಳನ್ನು ಬಿಗಿದಿಟ್ಟ ಅಸ್ಥಿರಜ್ಜುಗಳು. ಸುಮ್ಮನೆ ನಿಂತಾಗಲೂ ಅವು ಒಂದಿಷ್ಟು ಎಳೆಯುತ್ತಲೇ ಇರುತ್ತವೆ.

ಆಮೇಲೆ ಸೈಕಲ್ಲಿನ ಹಳೆಯ ಟ್ಯೂಬು ತಂದೆವು. ಪಟ್ಟಿ ಕತ್ತರಿಸಿ ಒಂದು ತುದಿಯನ್ನು ಹೆಗಲ ಎಲುಬಿಗೆ, ಇನ್ನೊಂದನ್ನು ಮೊಣಕೈ ದಾಟಿ ನಾಲ್ಕು ಸೆಂ.ಮೀ. ಮುಂದೆ ರೇಡಿಯಸ್‌ಗೆ ಕಟ್ಟಿದೆವು. ಇದು ತೋಳಿನ ಮುಂದಿನ ಬೈಸೆಪ್ಸ್. ಹಿಂದೆ ಇನ್ನೊಂದು ಪಟ್ಟಿ, ಮೊಣಕೈಯ ಮೊನೆಗೆ. ಅದು ಟ್ರೈಸೆಪ್ಸ್. ಸ್ನಾಯುವಿಗೆ ಎಳೆಯಲು ಮಾತ್ರ ಬರುತ್ತದೆ, ತಳ್ಳಲು ಬರುವುದಿಲ್ಲ. ಅದಕ್ಕೇ ಮಡಚಲು ಒಂದು, ಚಾಚಲು ಇನ್ನೊಂದು ಬೇಕು. ಬಾಗಿಲು ತಳ್ಳುವಾಗಲೂ ಒಳಗೆ ನಡೆಯುವುದು ಎಳೆತವೇ. ಇದು ಮಕ್ಕಳಿಗೆ ತಮ್ಮದೇ ತೋಳು ಹಿಡಿದು ನೋಡಿದಾಗ ನಿಕ್ಕಿಯಾಯಿತು.

ಟ್ಯೂಬಿನ ಜಾಗದಲ್ಲಿ ಸ್ಪ್ರಿಂಗ್ ತಕ್ಕಡಿ ಕಟ್ಟಿದ ದಿನವೇ ನನಗೆ ಈ ಮಾದರಿಯ ಬೆಲೆ ಪೂರ್ತಿ ವಸೂಲಾಯಿತು. ಮುಂಗೈಯನ್ನು ಅಡ್ಡ ಹಿಡಿದು ಅಂಗೈಗೆ ಅರ್ಧ ಕೆಜಿಯ ಬಟ್ಟು ತೂಗುಬಿಟ್ಟೆವು. ಮೊಣಕೈಯಿಂದ ಅಂಗೈಗೆ 32 ಸೆಂ.ಮೀ., ಸ್ನಾಯು ಕೂಡುವಲ್ಲಿಗೆ 4. ಲೆಕ್ಕದ ಪ್ರಕಾರ ಎಂಟು ಪಟ್ಟು. ತಕ್ಕಡಿ ನಾಲ್ಕು ಕೆಜಿಗಿಂತಲೂ ತುಸು ಹೆಚ್ಚೇ ತೋರಿಸಿತು, ಮುಂಗೈಯ ತೂಕವೂ ಸೇರಿತ್ತಲ್ಲ. ಹಾಗಾದರೆ ಹತ್ತು ಕೆಜಿಯ ಕೊಡವನ್ನು ಹೀಗೆ ಮೊಣಕೈ ಮಡಚಿ ಹಿಡಿದರೆ ತೋಳಿನ ಸ್ನಾಯುಗಳು ಎಂಬತ್ತು ಕೆಜಿಯಷ್ಟು ಎಳೆಯಬೇಕು. "ಇಷ್ಟು ನುಕ್ಸಾನ ಯಾಕ್ರಿ?" ಎಂದ ಒಬ್ಬ ಹುಡುಗ. ಅದರ ಬದಲಿಗೆ ಸಿಗುವುದು ವೇಗ: ಸ್ನಾಯು ಒಂದು ಸೆಂ.ಮೀ. ಕುಗ್ಗಿದರೆ ಅಂಗೈ ಎಂಟು ಸೆಂ.ಮೀ. ಏಳುತ್ತದೆ. ಕಲ್ಲು ತೂರುವುದು, ಚೆಂಡು ಎಸೆಯುವುದು ಇದರಿಂದಲೇ.

ಬೆರಳಿಗೆ ಸ್ಟ್ರಾ ತುಂಡು ಅಂಟಿಸಿ ಒಳಗೆ ದಾರ ಪೋಣಿಸಿದೆವು. ಬೆರಳನ್ನು ಆಡಿಸುವ ಸ್ನಾಯು ಬೆರಳೊಳಗೆ ಇಲ್ಲ. ಸಣ್ಣವು ಅಂಗೈಯಲ್ಲಿ, ದೊಡ್ಡವು ಮುಂಗೈಯಲ್ಲಿ. ನಡುವೆ ಓಡುವುದು ಸ್ನಾಯುರಜ್ಜು ಎಂಬ ಹುರಿ. ಮುಷ್ಟಿ ಕಟ್ಟಿ ಬಿಡುತ್ತ ಮೊಣಕೈಯ ಕೆಳಗೆ ಇನ್ನೊಂದು ಕೈ ಇಟ್ಟು ನೋಡಿ, ಗೊತ್ತಾಗುತ್ತದೆ.

ಟ್ಯೂಬಿಗೂ ಮಿತಿ ಇದೆ. ಹಿಗ್ಗಿದ ರಬ್ಬರು ತಾನಾಗಿ ಮರಳುತ್ತದೆ. ಸ್ನಾಯು ಶಕ್ತಿ ಖರ್ಚು ಮಾಡಿ ಎಳೆಯುತ್ತದೆ. ಅದರೊಳಗೆ ಆಕ್ಟಿನ್, ಮಯೋಸಿನ್ ಎಂಬ ಎರಡು ಬಗೆಯ ಎಳೆಗಳು ಒಂದರ ಸಂದಿಯಲ್ಲಿ ಇನ್ನೊಂದು ಜಾರುತ್ತವೆ. ಎಳೆ ತಾನು ಗಿಡ್ಡಾಗುವುದಿಲ್ಲ, ಸ್ನಾಯು ಗಿಡ್ಡಾಗುತ್ತದೆ. 1954ರಲ್ಲಿ ಎರಡು ಬೇರೆ ಬೇರೆ ತಂಡಗಳು ಇದನ್ನು ಕಂಡುಕೊಂಡವು. ಎರಡೂ ಕೈಯ ಬೆರಳುಗಳನ್ನು ಎದುರುಬದುರು ಹಿಡಿದು ಒಂದರೊಳಗೊಂದು ಸರಿಸಿದರೆ ತರಗತಿಗೆ ಅಷ್ಟು ಸಾಕು.

ಈ ಮಾದರಿಯಲ್ಲಿ ಅತಿ ಕೆಟ್ಟ ಭಾಗ ಬೆನ್ನು. ಇಡೀ ಬೆನ್ನೆಲುಬಿನ ನಡುವೆ ಗಟ್ಟಿ ಸರಳೊಂದು ಹಾಯಿಸಿದ್ದಾರೆ. ಕೊರಳಲ್ಲಿ 7, ಎದೆಯ ಹಿಂದೆ 12, ನಡುವಿನಲ್ಲಿ 5 ಮಣಿ, ಸಂದಿಗಳಲ್ಲಿ ಮೆತ್ತನೆ ಬಿಲ್ಲೆ, ಎಲ್ಲ ಇದೆ. ಬಾಗುವುದು ಮಾತ್ರ ಇಲ್ಲ. ನಿಜದ ಬಿಲ್ಲೆಗಳು 23. ಹಗಲೆಲ್ಲ ಮೈಭಾರಕ್ಕೆ ನೀರು ಬಿಟ್ಟು ರಾತ್ರಿ ಮಲಗಿದಾಗ ಮತ್ತೆ ಹೀರಿಕೊಳ್ಳುತ್ತವೆ, ಹಾಗಾಗಿ ಬೆಳಿಗ್ಗೆ ನಾವು ಒಂದು ಸೆಂ.ಮೀ. ಆಸುಪಾಸು ಎತ್ತರ. ಶಾಲೆಯಲ್ಲಿ ಪ್ರಾರ್ಥನೆ ಹೊತ್ತಿಗೂ ಸಂಜೆಗೂ ಅಳೆದರೆ ಹೆಚ್ಚೇನೂ ಕಾಣಲಿಲ್ಲ, ಯಾಕೆಂದರೆ ಎದ್ದ ಮೊದಲ ಒಂದೆರಡು ತಾಸಿನಲ್ಲೇ ಬಹುಪಾಲು ಇಳಿದುಬಿಟ್ಟಿರುತ್ತದೆ. ಹಾಸಿಗೆಯಿಂದ ಏಳುತ್ತಲೇ ಮನೆಯ ಬಾಗಿಲ ಚೌಕಟ್ಟಿಗೆ ಗುರುತು ಹಾಕಿಸಿದೆ. ಆಗ ಕಂಡಿತು.

ಇದರ ಬೆನ್ನು ಬಾಗುವುದಿಲ್ಲ, ಅದು ತಯಾರಿಸಿದವರ ತಪ್ಪು ಎಂದು ಒಂದು ದಿನ ಹೇಳುತ್ತಿದ್ದೆ. ಹಿಂದಿನ ಬೆಂಚಿನ ಹುಡುಗಿ ಎದ್ದು ನಿಂತಳು. "ನಮ್ಮಜ್ಜಂದು ಹಿಂಗ ಐತ್ರಿ. ಬಾಗಂದ್ರ ಬಾಗೂದಿಲ್ಲ. ಹಿಂದ ನೋಡ್ಬೇಕಂದ್ರ ಇಡೀ ಮೈ ತಿರುಗಸ್ತಾನ್ರಿ." ಇನ್ನೂ ಮೂರು ಕೈ ಎದ್ದವು.

ಮುಂಡರಗಿ ಕಡೆಯ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇದೆ ಎಂದು ನಮಗೆಲ್ಲ ಗೊತ್ತಿದ್ದದ್ದೇ. ಹಲ್ಲಿನ ಕಂದು ಕಲೆ ನೋಡುತ್ತಲೇ ಬೆಳೆದವರು ನಾವು. ಆದರೆ ಒಳಗೆ ಏನಾಗುತ್ತದೆಂದು ನಾನು ಮಕ್ಕಳಿಗೆ ಹೇಳಿರಲಿಲ್ಲ. ಅವತ್ತು ಹೇಳಿದೆ. ಎಲುಬು ಎಂದರೆ ಕೊಲಾಜೆನ್ ಎಂಬ ಪ್ರೋಟೀನಿನ ಹೆಣಿಗೆ, ಅದರ ತುಂಬ ಕ್ಯಾಲ್ಸಿಯಂ ಮತ್ತು ಫಾಸ್ಫೇಟಿನ ಹರಳು. ಮೈಯ ಕ್ಯಾಲ್ಸಿಯಂನಲ್ಲಿ ಶೇ. 99 ಇರುವುದು ಎಲುಬು ಹಲ್ಲುಗಳಲ್ಲೇ. ಕೋಳಿಯ ಕಾಲೆಲುಬನ್ನು ಕೆಲವು ದಿನ ವಿನೆಗರ್‌ನಲ್ಲಿ ನೆನೆಹಾಕಿ ಹರಳು ಕರಗಿಸಿದರೆ ಉಳಿದದ್ದು ರಬ್ಬರಿನಂತೆ ಬಾಗುತ್ತದೆ, ಇದನ್ನು ಮಾಡಿ ನೋಡಿದ್ದರು. ಎಲುಬು ಸತ್ತ ಕಲ್ಲಲ್ಲ: ಹಳೆಯದನ್ನು ಕರಗಿಸುವ ಜೀವಕೋಶ, ಹೊಸದನ್ನು ಕಟ್ಟುವ ಜೀವಕೋಶ ಎರಡೂ ಒಳಗೆ ದುಡಿಯುತ್ತಿರುತ್ತವೆ, ವರ್ಷಕ್ಕೆ ಸುಮಾರು ಹತ್ತರಲ್ಲೊಂದು ಪಾಲು ಬದಲಾಗುತ್ತದೆ. ಕುಡಿಯುವ ನೀರಿನ ಫ್ಲೋರೈಡ್ ಆ ಹೊಸ ಹರಳಿಗೆ ಸೇರಿಕೊಳ್ಳುತ್ತದೆ. ವರ್ಷಗಟ್ಟಲೆ ಹೀಗಾದರೆ ಎಲುಬು ದಟ್ಟವಾಗುತ್ತದೆ, ಆದರೆ ಪೆಡಸಾಗುತ್ತದೆ; ಅಸ್ಥಿರಜ್ಜುಗಳಲ್ಲೂ ಸುಣ್ಣ ಕೂಡಿ ಬೆನ್ನಮಣಿಗಳು ಒಂದಕ್ಕೊಂದು ಬಿಗಿದುಕೊಳ್ಳುತ್ತವೆ. ಬಿಗಿದ ಮೇಲೆ ಬಿಡಿಸುವ ಔಷಧವಿಲ್ಲ.

"ನಾವು ಕಾಸಿ ಕುಡಿತೀವ್ರಿ" ಎಂದರು ಕೆಲವರು. ಕಾಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದರ ಪ್ರಮಾಣ ಏರುತ್ತದೆ. ಲೀಟರಿಗೆ 1 ಮಿ.ಗ್ರಾಂ. ಒಳಗಿದ್ದರೆ ಒಳ್ಳೆಯದು, ಬೇರೆ ದಾರಿಯೇ ಇಲ್ಲದಿದ್ದಾಗ 1.5ರವರೆಗೆ ಎನ್ನುತ್ತದೆ ನಮ್ಮ ದೇಶದ ಮಾನದಂಡ. ಮುಂದಿನ ವಾರ ಪರೀಕ್ಷೆಯ ಕಿಟ್ ತರಿಸಿ, ಮಕ್ಕಳು ಮನೆಯಿಂದ ತಂದ ಬಾಟಲಿಗಳನ್ನೆಲ್ಲ ಸಾಲಾಗಿಟ್ಟು ನೋಡಿದೆವು. ಗುಲಾಬಿ ಬಣ್ಣ ಹಳದಿಯ ಕಡೆ ತಿರುಗಿದಷ್ಟೂ ಫ್ಲೋರೈಡ್ ಹೆಚ್ಚು. ಹಳದಿಯಾದ ಬಾಟಲಿಗಳ ಮನೆಗೆ ನಾನೇ ಹೋಗಿ, ಕುಡಿಯಲು ಅಡಿಗೆಗೆ ಹೊಳೆ ನೀರು, ಬಳಕೆಗೆ ಬೋರಿನ ನೀರು ಎಂದು ಹೇಳಿ ಬಂದೆ. ಆ ಹುಡುಗಿಯ ಅಜ್ಜ ಕಟ್ಟೆಯ ಮೇಲೆ ಕೂತಿದ್ದರು. ನನ್ನನ್ನು ನೋಡಲು ಇಡೀ ಮೈಯನ್ನೇ ಹೊರಳಿಸಿ, "ಬರ್ರಿ ಅಕ್ಕಾರ, ಕುಂದರ್ರಿ" ಎಂದರು.

ಈ ಮಾದರಿ ಮತ್ತೆ ಕೊಳ್ಳುತ್ತೀರಾ ಎಂದರೆ, ಹೌದು. ಐದಕ್ಕೆ ಮೂರೂವರೆ ಕೊಡುತ್ತೇನೆ. ಆದರೆ ಈ ಸಲ ಒಂದೆರಡು ಸಾವಿರ ಹೆಚ್ಚು ಕೊಟ್ಟು, ಸ್ನಾಯು ಹುಟ್ಟುವ ಜಾಗಕ್ಕೆ ಕೆಂಪು, ಸೇರುವ ಜಾಗಕ್ಕೆ ನೀಲಿ ಬಳಿದಿರುವ, ಬೆನ್ನು ಬಾಗುವ ಮಾದರಿ ತರುತ್ತೇನೆ. ನಾನು ಆ ಬಣ್ಣ ಎನಾಮೆಲ್ ಡಬ್ಬಿಯಿಂದ ಎಡಗಡೆಗೆ ಮಾತ್ರ ಬಳಿದೆ, ಎರಡು ಭಾನುವಾರ ಹಿಡಿಯಿತು. ಮೇಜಿನ ಮೇಲಿಡುವ ಗೇಣುದ್ದದ ಚಿಕ್ಕ ಮಾದರಿ ಬೇಡವೇ ಬೇಡ. ಅದಕ್ಕೆ ಟ್ಯೂಬು ಕಟ್ಟಲಾಗುವುದಿಲ್ಲ, ಮಗು ತನ್ನ ತೋಳನ್ನು ಅದರ ತೋಳಿನ ಪಕ್ಕ ಹಿಡಿದು ಹೋಲಿಸಲಾಗುವುದಿಲ್ಲ. ಮೊಣಕಾಲ ಚಿಪ್ಪನ್ನು ತೊಡೆಯೆಲುಬಿಗೆ ಅಂಟಿಸಿದ್ದರೆ ಕಿತ್ತು, ತೊಡೆಯ ಮುಂದೆ ಸ್ನಾಯುವಾಗಿ ಕಟ್ಟುವ ಟ್ಯೂಬಿನ ಪಟ್ಟಿಯೊಳಗೆ ಹೊಲಿದುಬಿಡಿ. ಅದು ಹುಟ್ಟುವುದೂ ಇರುವುದೂ ಆ ಸ್ನಾಯುರಜ್ಜುವಿನೊಳಗೇ. ಕಾಲು ಚಾಚುವಾಗ ಎಳೆತವನ್ನು ಕೀಲಿನಿಂದ ತುಸು ದೂರ ಹಿಡಿದು ಬಲ ಹೆಚ್ಚಿಸುತ್ತದೆ. ಟ್ಯೂಬನ್ನು ಎರಡು ವರ್ಷಕ್ಕೊಮ್ಮೆ ಬದಲಿಸಬೇಕು, ಬಿಸಿಲಿಗೆ ಬಿರಿಯುತ್ತದೆ. ಈ ಜೂನ್‌ನಲ್ಲಿ ಕಟ್ಟಿದ್ದು ನಮ್ಮ ಸಿಪಾಯಿಯ ಸೈಕಲ್ಲಿನದು.