ಪುಣೆಯ ಬೈಠಕ್, ಮುಂಬೈಯ ಜ್ಯಾಮ್, ಮನೆಯ ಟಿವಿ: ಬೆಳಗಾವಿಯ ಗಿಟಾರ್ ಪ್ರಿಯರಿಗೆ ಯಾವುದು?

"ಸರ್, ವರ್ಷಕ್ಕ ಒಮ್ಮೆ ರಜಾ ಸಿಗತೈತ್ರಿ. ಪುಣೇಕ್ಕ ಹೋಗ್ಲೋ, ಮುಂಬೈಕ್ಕ ಹೋಗ್ಲೋ?"

ದೀಪಾವಳಿ ಮುಗಿದರೆ ಸಾಕು, ನನ್ನ ಹತ್ತಿರ ಗಿಟಾರ್ ಕಲಿಯುವ ಹುಡುಗರಲ್ಲಿ ಯಾರಾದರೂ ಇದನ್ನು ಕೇಳಿಯೇ ಕೇಳುತ್ತಾರೆ. ಪಕ್ಕದಲ್ಲಿ ಕೂತವನು, "ಎಲ್ಲಾ ಮೊಬೈಲ್‌ನಾಗ ಐತಲ್ಲ, ಯಾಕ ಹೋಗ್ಬೇಕು?" ಅನ್ನುತ್ತಾನೆ. ಎರಡೂ ನ್ಯಾಯವಾದ ಪ್ರಶ್ನೆಗಳೇ. ಬೆಳಗಾವಿಯಲ್ಲಿ ಗಿಟಾರ್ ಹಿಡಿದವರಿಗೆ ಕೊರತೆ ಇಲ್ಲ. ಕ್ಯಾಂಪ್ ಕಡೆ ಹೋದರೆ ಮನೆ ಮನೆಯಲ್ಲೂ ಒಂದು ಗಿಟಾರ್ ಕಾಣುತ್ತದೆ, ಗೋವಾ ಕೂಡ ಹತ್ತಿರ. ಆದರೆ ಒಂದರ ಹಿಂದೆ ಒಂದು ರಾತ್ರಿ ನಡೆಯುವ, ದೇಶ ವಿದೇಶದ ಕಲಾವಿದರು ಬರುವ ಉತ್ಸವ ಕೇಳಬೇಕೆಂದರೆ ನಾವು ಊರು ಬಿಡಲೇಬೇಕು.

ಮೂರನ್ನೂ ನಾನು ಮಾಡಿ ನೋಡಿದ್ದೇನೆ. ಅಮೆರಿಕದ ಕಪ್ಪು ಜನರ ನಡುವೆ ಹುಟ್ಟಿದ ಬ್ಲೂಸ್ ಸಂಗೀತಕ್ಕೆ ಮೀಸಲಾದ ಮುಂಬೈಯ ಮಹೀಂದ್ರಾ ಬ್ಲೂಸ್ ಉತ್ಸವ, ಹಿಂದೂಸ್ತಾನಿ ಸಂಗೀತದ್ದಾದ ಪುಣೆಯ ಸವಾಯಿ ಗಂಧರ್ವ ಭೀಮಸೇನ ಮಹೋತ್ಸವ, ಮತ್ತು ಮನೆಯಲ್ಲೇ ಕೂತು ಇಂಗ್ಲೆಂಡಿನ ಗಿಟಾರ್‌ವಾದಕ ಎರಿಕ್ ಕ್ಲಾಪ್ಟನ್ ನಡೆಸುವ ಕ್ರಾಸ್‌ರೋಡ್ಸ್ ಗಿಟಾರ್ ಉತ್ಸವದ ರೆಕಾರ್ಡಿಂಗ್. ಎಷ್ಟು ದೊಡ್ಡ ಹೆಸರುಗಳಿವೆ ಅಂತ ಎಣಿಸಿ ಇವನ್ನು ತೂಗಲು ಆಗುವುದಿಲ್ಲ. ನಾನು ನೋಡುವುದು ಎರಡೇ. ಒಬ್ಬ ಕಲಾವಿದರಿಗೆ ಎಷ್ಟು ಹೊತ್ತು ಸಿಗುತ್ತದೆ? ಇನ್ನೊಬ್ಬರು ಬಂದು ಪಕ್ಕದಲ್ಲಿ ನಿಂತಾಗ ಅವರ ಕೈ ಏನು ಮಾಡುತ್ತದೆ?

ಮನೆಯ ಟಿವಿಯಿಂದ ಶುರು ಮಾಡುತ್ತೇನೆ, ಯಾಕೆಂದರೆ ಅದು ಎಲ್ಲರ ಕೈಗೂ ಸಿಗುತ್ತದೆ. ಕ್ರಾಸ್‌ರೋಡ್ಸ್ 2004ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ ಮೂರು ದಿನದ ಉತ್ಸವವಾಗಿ ಶುರುವಾಯಿತು. 2013ರಲ್ಲಿ ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಎರಡು ರಾತ್ರಿ ನಡೆಯಿತು. 2019ರಲ್ಲಿ ಮತ್ತೆ ಡಲ್ಲಾಸ್, 2023ರಲ್ಲಿ ಲಾಸ್ ಏಂಜಲೀಸ್. ಕೆರಿಬಿಯನ್‌ನ ಆಂಟಿಗಾ ದ್ವೀಪದಲ್ಲಿ ಕ್ಲಾಪ್ಟನ್ ಕಟ್ಟಿದ ವ್ಯಸನಮುಕ್ತಿ ಕೇಂದ್ರಕ್ಕೆ ಹಣ ಕೂಡಿಸಲು ಹುಟ್ಟಿದ ಉತ್ಸವ ಇದು. ಅತಿಥಿಗಳ ಪಟ್ಟಿ ನೋಡಿದರೆ ತಲೆ ತಿರುಗುತ್ತದೆ. 2013ರಲ್ಲಿ ಬಿ.ಬಿ. ಕಿಂಗ್, ಜೆಫ್ ಬೆಕ್, ಬಡ್ಡಿ ಗೈ, ಡೆರೆಕ್ ಟ್ರಕ್ಸ್, ರಾಬರ್ಟ್ ಕ್ರೇ ಎಲ್ಲರೂ ಒಂದೇ ಕಡೆ ಇದ್ದರು.

ನಮ್ಮ ಕಡೆಯವರು ನೋಡಲೇಬೇಕಾದದ್ದು 2004ರ ರೆಕಾರ್ಡಿಂಗ್. ಅದರಲ್ಲಿ ರಾಕ್, ಬ್ಲೂಸ್ ಮಂದಿಯ ನಡುವೆ ಜೈಪುರದ ಪಂಡಿತ್ ವಿಶ್ವಮೋಹನ ಭಟ್ ಕೂತು ಮೋಹನವೀಣೆಯಲ್ಲಿ ಬಿಹಾಗ್ ರಾಗ ನುಡಿಸಿದ್ದಾರೆ. ಮೋಹನವೀಣೆ ಅಂದರೆ ಅವರೇ ಮಾರ್ಪಾಡು ಮಾಡಿಕೊಂಡ ಗಿಟಾರ್. ನುಡಿಸಲು ಮೂರು ತಂತಿ, ಶ್ರುತಿಗೆ ಐದು, ಕೆಳಗೆ ತಾನಾಗಿ ಅನುರಣಿಸುವ ತರಬ್ ತಂತಿಗಳು ಹನ್ನೆರಡು. ಅಮೆರಿಕದ ಗಿಟಾರ್‌ವಾದಕ ರೈ ಕೂಡರ್ ಜೊತೆ ಮಾಡಿದ ಆಲ್ಬಂಗೆ 1994ರಲ್ಲಿ ಅವರಿಗೆ ಗ್ರ್ಯಾಮಿ ಬಂತು. ಅಲ್ಲಿಯ ಜನ ಬಿಹಾಗ್ ಕೇಳಿ ಚಪ್ಪಾಳೆ ತಟ್ಟುವುದನ್ನು ನೋಡಿದಾಗ ನನಗೆ ನಿಜಕ್ಕೂ ಎದೆ ತುಂಬಿ ಬಂತು.

ಟಿವಿಯ ಲಾಭ ದೊಡ್ಡದು. ನಿಲ್ಲಿಸಬಹುದು, ಹಿಂದೆ ತಿರುಗಿಸಬಹುದು, ಒಂದು ಸಾಲನ್ನು ಕೈಗೆ ಬರುವ ತನಕ ಕೇಳಬಹುದು. ಆದರೆ ನೀವು ಏನು ನೋಡಬೇಕು ಅನ್ನುವುದನ್ನು ಕ್ಯಾಮೆರಾ ತೀರ್ಮಾನ ಮಾಡುತ್ತದೆ. ಸೋಲೋ ಏರುತ್ತಾ ಹೋಗುವಾಗ, ಬೆರಳು ನೋಡಬೇಕು ಅನ್ನುವ ಹೊತ್ತಿಗೆ ಸರಿಯಾಗಿ, ಕಣ್ಣು ಮುಚ್ಚಿದ ಮುಖ ತೋರಿಸುತ್ತದೆ. ಹಿಂದೆ ನಿಂತು ರಿದಂ ಹಿಡಿದವರು ಕಾಣುವುದೇ ಇಲ್ಲ. ಇನ್ನೊಂದು ತೊಂದರೆ, ಎರಡು ರಾತ್ರಿಯದನ್ನು ಕತ್ತರಿಸಿ ಜೋಡಿಸಿದಾಗ ಒಬ್ಬೊಬ್ಬರದು ಒಂದೋ ಎರಡೋ ಹಾಡು ಉಳಿಯುತ್ತದೆ. ಕಲಾವಿದರು ಮೊದಲ ಹಾಡಿಗೆ ತಡವರಿಸಿ, ಮೂರನೆಯದಕ್ಕೆ ಬೆಚ್ಚಗಾಗುವುದು ಮನೆಯಲ್ಲಿ ಕೂತವರಿಗೆ ಸಿಗುವುದಿಲ್ಲ.

ಆ ಬೆಚ್ಚಗಾಗುವುದು ಏನು ಅಂತ ನನಗೆ ಗೊತ್ತಾಗಿದ್ದು ಮುಂಬೈಯಲ್ಲಿ. ಅಲ್ಲಿಯ ಬ್ಲೂಸ್ ಉತ್ಸವ 2011ರಲ್ಲಿ ಶುರುವಾಯಿತು. ಫೆಬ್ರುವರಿಯಲ್ಲಿ ಎರಡು ರಾತ್ರಿ, ಬಾಂದ್ರಾದ ಹಿಲ್ ರೋಡ್‌ನಲ್ಲಿರುವ ಮೆಹಬೂಬ್ ಸ್ಟುಡಿಯೋದಲ್ಲಿ. 1954ರ ಹಳೇ ಸಿನಿಮಾ ಸ್ಟುಡಿಯೋ ಅದು. ಎತ್ತರದ ಛಾವಣಿಯ ಶೂಟಿಂಗ್ ಫ್ಲೋರ್‌ಗಳೇ ಸಭಾಂಗಣ. ಮೊದಲ ವರ್ಷವೇ ಬಡ್ಡಿ ಗೈ ಬಂದಿದ್ದರು. ನುಡಿಸುತ್ತಾ ನುಡಿಸುತ್ತಾ ಜನರ ನಡುವೆ ಇಳಿದು ಬರುವುದು ಅವರ ಹಳೇ ರೂಢಿ. ಶಿಲ್ಲಾಂಗ್‌ನ ಸೋಲ್‌ಮೇಟ್ ಬ್ಯಾಂಡ್‌ನಂಥ ನಮ್ಮ ದೇಶದವರಿಗೂ ಅಲ್ಲಿ ಜಾಗ ಸಿಕ್ಕಿದೆ.

ಬೆಳಗಾವಿಯಿಂದ ಹೋಗುವವರಿಗೆ ಒಂದು ಅನುಕೂಲ ಇದೆ. ದಾದರ್‌ಗೆ ಹೋಗುವ ರೈಲುಗಳು ನಮ್ಮ ಸ್ಟೇಷನ್ ಮೇಲೇ ಹಾದು ಹೋಗುತ್ತವೆ. ದಾದರ್‌ನಲ್ಲಿ ಇಳಿದು ವೆಸ್ಟರ್ನ್ ಲೈನ್‌ನ ಲೋಕಲ್ ಹತ್ತಿದರೆ ಮಾಟುಂಗಾ ರೋಡ್, ಮಾಹಿಮ್, ಆಮೇಲೆ ಬಾಂದ್ರಾ. ಅಲ್ಲಿಂದ ರಿಕ್ಷಾ.

ಅಲ್ಲಿ ಒಬ್ಬ ಕಲಾವಿದರಿಗೆ ಒಂದು ತಾಸು, ಕೆಲವೊಮ್ಮೆ ಅದಕ್ಕೂ ಜಾಸ್ತಿ ಸಿಗುತ್ತದೆ. ಒಬ್ಬರ ಗುಣ ಅರ್ಥವಾಗಲು ಅಷ್ಟು ಸಾಕು. ಒಬ್ಬರು ತಂತಿ ಎಳೆದು ಬಿಡುತ್ತಾರೆ, ಒಬ್ಬರು ಎಳೆದು ಹಿಡಿದು ನಡುಗಿಸುತ್ತಾರೆ, ಒಬ್ಬರು ನಾಲ್ಕೇ ಸ್ವರ ನುಡಿಸಿ ಸುಮ್ಮನಾಗುತ್ತಾರೆ. ಮೊದಲ ರಾತ್ರಿ ಇದನ್ನೆಲ್ಲ ಕಿವಿಗೆ ತುಂಬಿಕೊಂಡರೆ ಎರಡನೇ ರಾತ್ರಿಯ ಕೊನೆಗೆ ಇಡೀ ಉತ್ಸವದ ಸಾರ ಸಿಗುತ್ತದೆ. ಆಗ ಎಲ್ಲ ಕಲಾವಿದರೂ ಒಟ್ಟಿಗೆ ವೇದಿಕೆ ಹತ್ತುತ್ತಾರೆ. ಅದನ್ನೇ ಜ್ಯಾಮ್ ಅನ್ನುವುದು.

ಹೊರಗಿನಿಂದ ನೋಡುವವರಿಗೆ ಅದು ಗದ್ದಲ. ಒಳಗೆ ಗಟ್ಟಿ ಲೆಕ್ಕ ಇರುತ್ತದೆ. ಬ್ಲೂಸ್‌ನ ಒಂದು ಸುತ್ತಿಗೆ ಹನ್ನೆರಡು ಬಾರ್, ಅಂದರೆ ಹನ್ನೆರಡು ಸಮ ಭಾಗ. ಬಾರ್‌ಗೆ ನಾಲ್ಕು ಮಾತ್ರೆ ಹಿಡಿದರೆ ನಲವತ್ತೆಂಟು ಮಾತ್ರೆಯ ಆವರ್ತನ. ಕಾರ್ಡ್‌ಗಳು, ಅಂದರೆ ಒಟ್ಟಿಗೆ ನುಡಿಸುವ ಸ್ವರಗುಂಪುಗಳು, ಮೂರೇ, ಸ, ಮ, ಪ ಮೇಲೆ ಕಟ್ಟಿದವು. ಭಾಷೆ ಬಾರದವರೂ, ಹಿಂದಿನ ದಿನದವರೆಗೆ ಒಬ್ಬರನ್ನೊಬ್ಬರು ನೋಡದವರೂ ಕೂಡಿ ನುಡಿಸಲು ಆಗುವುದು ಇದರಿಂದಲೇ. ನಾನು ವೇದಿಕೆಯ ಎಡಗಡೆ ಜಾಗ ಹಿಡಿದಿದ್ದೆ. ಒಬ್ಬ ಹಿರಿಯ ಗಿಟಾರ್‌ವಾದಕರು ತಮ್ಮ ಎರಡು ಸುತ್ತು ಮುಗಿಯುವ ಮೊದಲೇ, ಹನ್ನೊಂದನೇ ಬಾರ್‌ನಲ್ಲಿ, ಪಕ್ಕದ ಹುಡುಗಿಯ ಕಡೆ ಗದ್ದ ಎತ್ತಿದರು. ಹನ್ನೆರಡನೇ ಬಾರ್ ಮುಗಿಯುವಷ್ಟರಲ್ಲಿ ಅವರ ಬಲಗೈ ಕಿರುಬೆರಳು ವಾಲ್ಯೂಮ್ ನಾಬ್ ಸುತ್ತಿ ತಮ್ಮ ಸದ್ದನ್ನು ಇಳಿಸಿತ್ತು. ಉಳಿದ ಬೆರಳುಗಳು ತಂತಿ ಬಿಟ್ಟಿರಲಿಲ್ಲ. ಆ ಹುಡುಗಿಯ ಮೊದಲ ಸ್ವರ ಖಾಲಿ ಜಾಗದಲ್ಲಿ ಬಂದು ಕೂತಿತು. ಆ ಕಿರುಬೆರಳಿನ ಕೆಲಸವನ್ನು ಯಾವ ರೆಕಾರ್ಡಿಂಗ್‌ನಲ್ಲೂ ನಾನು ಗಮನಿಸಿರಲಿಲ್ಲ. ಊರಿಗೆ ಬಂದ ಮೇಲೆ ನನ್ನ ಎಲ್ಲ ಹುಡುಗರಿಗೂ ಮೊದಲು ಕಲಿಸಿದ್ದು ಅದನ್ನೇ.

ನನ್ನ ಜೊತೆ ಪಕ್ಕದ ಮನೆಯ ಕಾಕಾ ಬಂದಿದ್ದರು. ಪುಣೆಯ ಉತ್ಸವದ ಹಳೇ ಶ್ರೋತೃ. ಅವರಿಗೆ ಜ್ಯಾಮ್ ಅಷ್ಟು ಹಿಡಿಸಲಿಲ್ಲ.

"ಇದೇನೋ ತಮ್ಮಾ, ಪಂಗತಿ ಊಟ ಆತಲ್ಲ. ಎಲ್ಲಾರ ಎಲಿಗೂ ಒಂದೊಂದು ತುತ್ತು. ಹೊಟ್ಟಿ ತುಂಬೋದು ಯಾವಾಗ?"

"ಕಾಕಾ, ಯಾರು ಯಾರಿಗೆ ಬಡಸ್ತಾರ ನೋಡ್ರಿ. ಮಜಾ ಇರೋದು ಅಲ್ಲೇ."

ಅವರು ತಲೆಯಾಡಿಸಿದರು, ಒಪ್ಪಲಿಲ್ಲ. ಅವರ ಮಾತಿನಲ್ಲೂ ಸತ್ಯ ಇದೆ. ಒಬ್ಬ ಕಲಾವಿದರು ಪೂರ್ತಿ ತೆರೆದುಕೊಳ್ಳುವುದನ್ನು ಕೇಳಬೇಕೆಂದರೆ ಜ್ಯಾಮ್ ಅದಕ್ಕೆ ಜಾಗವಲ್ಲ, ಪುಣೆಗೇ ಹೋಗಬೇಕು.

ಪುಣೆಯ ಉತ್ಸವ ನಮ್ಮ ಮಣ್ಣಿನದೇ. ಸವಾಯಿ ಗಂಧರ್ವರು ಕುಂದಗೋಳದವರು, 1952ರಲ್ಲಿ ತೀರಿಕೊಂಡರು. ರೋಣದಲ್ಲಿ ಹುಟ್ಟಿದ ಶಿಷ್ಯ ಭೀಮಸೇನ ಜೋಶಿ 1953ರಲ್ಲಿ ಗುರುವಿನ ನೆನಪಿಗೆ ಪುಣೆಯಲ್ಲಿ ಇದನ್ನು ಶುರು ಮಾಡಿದರು. ಅಲ್ಲಿ ನೆಲದ ಮೇಲಿನ ಬೈಠಕ್‌ನಲ್ಲಿ ಕೂತರೆ ಸುತ್ತಮುತ್ತ ಧಾರವಾಡ, ಹುಬ್ಬಳ್ಳಿ, ಬೆಳಗಾವಿಯ ಕನ್ನಡ ಕಿವಿಗೆ ಬೀಳುತ್ತಲೇ ಇರುತ್ತದೆ. ಹಿಂದೆ ರಾತ್ರಿಯಿಡೀ ನಡೆಯುತ್ತಿತ್ತು. 2000ದ ಶಬ್ದಮಾಲಿನ್ಯ ನಿಯಮ ಬಂದ ಮೇಲೆ ಬಯಲಲ್ಲಿ ರಾತ್ರಿ 10ರ ನಂತರ ಧ್ವನಿವರ್ಧಕ ಬಳಸುವಂತಿಲ್ಲ, ವರ್ಷದಲ್ಲಿ ಕೆಲವೇ ದಿನ ಮಧ್ಯರಾತ್ರಿವರೆಗೆ ರಿಯಾಯಿತಿ. ಹಾಗಾಗಿ ಈಗ ಡಿಸೆಂಬರ್‌ನಲ್ಲಿ ಐದು ದಿನ, ಮಧ್ಯಾಹ್ನವೇ ಶುರುವಾಗಿ ರಾತ್ರಿ ಮುಗಿಯುತ್ತದೆ. ಬೆಳಗಿನ ಜಾವದ ರಾಗಗಳು ಇದರಿಂದ ತಪ್ಪಿಹೋದವು, ನನಗೆ ಅದೊಂದು ಬೇಸರ.

ಗಿಟಾರ್ ಅಲ್ಲಿ ದಿನಾ ಇರುವುದಿಲ್ಲ, ಇದನ್ನು ಮೊದಲೇ ತಿಳಿದುಕೊಳ್ಳಿ. ಅದು ಗಾಯನದ ಉತ್ಸವ. ನಡುವೆ ಸಿತಾರ್, ಸರೋದ್, ಬಾನ್ಸುರಿ, ಯಾವುದೋ ಒಂದು ಸಂಜೆ, ತಂತಿಯ ಮೇಲೆ ಸರಳು ಜಾರಿಸಿ ನುಡಿಸುವ ಸ್ಲೈಡ್ ಗಿಟಾರ್. ಆ ಒಂದು ಸಂಜೆ ನನಗೆ ಸಿಕ್ಕಿತು. ಕಲಾವಿದರು ಗಿಟಾರನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತರು. ತರಬ್ ತಂತಿಗಳನ್ನು ಒಂದೊಂದಾಗಿ ಮೀಟಿ ರಾಗದ ಸ್ವರಗಳಿಗೆ ಸೇರಿಸಿದರು. ಸಾವಿರಾರು ಜನ ತಾಳ್ಮೆಯಿಂದ ಕಾಯುತ್ತಿದ್ದರು. ಆಮೇಲೆ ಎಡಗೈಯ ಉಕ್ಕಿನ ಸರಳನ್ನು ಬಟ್ಟೆಯಿಂದ ಒರೆಸಿ, ಷಡ್ಜದಿಂದ ಮಂದ್ರದ ನಿಷಾದಕ್ಕೆ ಇಳಿದರು. ಅಷ್ಟೇ. ಆ ಇಳಿತ ಮುಗಿಯುವ ತನಕ ನಾನು ಉಸಿರು ಬಿಟ್ಟಿರಲಿಲ್ಲ. ಆಲಾಪ ಒಂದೇ ಅರ್ಧ ತಾಸಿನಷ್ಟು ಸಾಗಿತು. ಆ ಹೊತ್ತಿಗೆ ಬ್ಲೂಸ್ ವೇದಿಕೆಯಲ್ಲಿ ಐದಾರು ಹಾಡು ಮುಗಿದಿರುತ್ತವೆ.

ಅತಿಥಿ ಕಲಾವಿದರು ಪುಣೆಯಲ್ಲೂ ಬಹಳ, ಆದರೆ ಒಬ್ಬರು ಎದ್ದ ಮೇಲೆ ಇನ್ನೊಬ್ಬರು. ಜುಗಲ್‌ಬಂದಿ ಇದ್ದರೆ ಮೊದಲೇ ಗೊತ್ತು ಮಾಡಿದ್ದು. ಅಚಾನಕ್ಕಾಗಿ ಯಾರೋ ಬಂದು ಸೇರಿಕೊಳ್ಳುವ ಮಜಾ ಅಲ್ಲಿಲ್ಲ. ಆದರೆ ಒಂದೇ ಸಂಜೆ ಗಾಯನದಲ್ಲಿ ಕೇಳಿದ ಮೀಂಡ್, ಅಂದರೆ ಸ್ವರದಿಂದ ಸ್ವರಕ್ಕೆ ಜಾರುವ ನಡೆ, ಮುಂದಿನ ಕಛೇರಿಯಲ್ಲಿ ತಂತಿಯ ಮೇಲೆ ಬಂದಾಗ ಕೈ ಹೇಗೆ ಕಂಠದಿಂದ ಕಲಿಯುತ್ತದೆ ಅಂತ ಗೊತ್ತಾಗುತ್ತದೆ. ಗಿಟಾರ್ ಕಲಿಯುವವರು ಸ್ಲೈಡ್ ಸಂಜೆಗಷ್ಟೇ ಹೋಗಿ ವಾಪಸ್ ಬರಬೇಡಿ. ಕಡಿಮೆ ಅಂದರೂ ಅದರ ಹಿಂದಿನ ದಿನದ ಗಾಯನ ಕೇಳಿ.

ಎರಡು ಉತ್ಸವಗಳೂ ಸೇರುವ ಒಂದು ಜಾಗ ಇದೆ. ಬ್ಲೂಸ್‌ನವರು ಹೆಚ್ಚು ಬಳಸುವ ಐದು ಸ್ವರಗಳು ಸ, ಕೋಮಲ ಗ, ಮ, ಪ, ಕೋಮಲ ನಿ. ಹಿಂದೂಸ್ತಾನಿಯಲ್ಲಿ ಧಾನಿ ರಾಗಕ್ಕೂ ಇವೇ. ಮುಂಬೈಯಲ್ಲಿ ಕೋಮಲ ಗಾಂಧಾರವನ್ನು ಎಳೆದು ಶುದ್ಧ ಗಾಂಧಾರದ ಹತ್ತಿರ ಒಯ್ದು ಅಲ್ಲೇ ನಡುವೆ ನಿಲ್ಲಿಸುತ್ತಾರೆ. ಪುಣೆಯಲ್ಲಿ ಸರಳು ಆ ನಡುವಿನ ದಾರಿಯನ್ನು ಪೂರ್ತಿ ನಡೆದು ತೋರಿಸುತ್ತದೆ. ಡೆರೆಕ್ ಟ್ರಕ್ಸ್ ಅಮೆರಿಕದಲ್ಲಿ ಸರೋದ್ ವಾದಕ ಅಲಿ ಅಕ್ಬರ್ ಖಾನರ ಸಂಗೀತ ಶಾಲೆಯಲ್ಲಿ ಕಲಿತವರು. ಗಿಟಾರ್‌ಗೆ ರಾಗವನ್ನು ತಂದ ಬೃಜ್‌ಭೂಷಣ್ ಕಾಬ್ರಾ ಕೂಡ ಅಲಿ ಅಕ್ಬರರ ಶಿಷ್ಯರೇ. ಇದು ಗೊತ್ತಿದ್ದು ಕೇಳಿದರೆ ಟ್ರಕ್ಸ್ ಅವರ ಸ್ಲೈಡ್ ನಮ್ಮದೇ ಮಾತು ಅನ್ನಿಸುತ್ತದೆ.

ಇನ್ನು ದೇಹದ ಮಾತು. ಪುಣೆಯಲ್ಲಿ ಭಾರತೀಯ ಬೈಠಕ್ ಟಿಕೆಟ್ ಕುರ್ಚಿಗಿಂತ ಅಗ್ಗ. ಆದರೆ ತಾಸುಗಟ್ಟಲೆ ನೆಲದ ಮೇಲೆ ಕೂರಬೇಕು. ಡಿಸೆಂಬರ್‌ನ ಚಳಿಗೆ ಶಾಲು, ಕೆಳಗೆ ಹಾಸಲು ಚಾದರ ಬೇಕೇ ಬೇಕು. ಬೆನ್ನು ನೋವಿದ್ದವರು ಸುಮ್ನೆ ಕುರ್ಚಿ ತಗೊಳ್ಳಿ. ಮುಂಬೈಯಲ್ಲಿ ಹೆಚ್ಚಿನವರು ನಿಂತೇ ಕೇಳುತ್ತಾರೆ, ಒಂದು ವೇದಿಕೆಯಿಂದ ಇನ್ನೊಂದಕ್ಕೆ ಓಡಾಟ ಬೇರೆ. ಅಲ್ಲಿ ಕಿವಿಯ ಬಗ್ಗೆ ಎಚ್ಚರ ಇರಲಿ. 85 ಡೆಸಿಬಲ್ ಸದ್ದನ್ನು ಎಂಟು ತಾಸು ತಡೆಯಬಹುದು, 100 ಡೆಸಿಬಲ್ ಆದರೆ 15 ನಿಮಿಷವೇ ಮಿತಿ ಅನ್ನುತ್ತದೆ ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಅಳತೆ. ಗಿಟಾರ್ ನುಡಿಸುವವರಿಗೆ ಕಿವಿಯೇ ಬಂಡವಾಳ ಅಲ್ವಾ? ಮೆಡಿಕಲ್ ಅಂಗಡಿಯಲ್ಲಿ ಸಿಗುವ ಇಯರ್‌ಪ್ಲಗ್ ಜೇಬಿನಲ್ಲಿ ಇಟ್ಟುಕೊಳ್ಳಿ. ಸ್ಪೀಕರ್ ಗೋಪುರದ ಎದುರು ನಿಲ್ಲಬೇಡಿ, ಸೌಂಡ್ ಮಿಕ್ಸರ್ ಇಟ್ಟ ಜಾಗದ ಹತ್ತಿರ ನಿಲ್ಲಿ. ಅಲ್ಲಿ ಎಲ್ಲ ವಾದ್ಯವೂ ಹದವಾಗಿ ಕೇಳುತ್ತದೆ.

ಪ್ರಯಾಣದಲ್ಲಿ ಪುಣೆ ಗೆಲ್ಲುತ್ತದೆ. 2024ರ ಸೆಪ್ಟೆಂಬರ್‌ನಿಂದ ಹುಬ್ಬಳ್ಳಿ-ಪುಣೆ ವಂದೇ ಭಾರತ್ ಬೆಳಗಾವಿ ಮೇಲೆ ಓಡುತ್ತಿದೆ, ದಿನಾ ಇಲ್ಲ. ರಾತ್ರಿ ಬಸ್ಸಿಗೆ ಹೋದರೆ ಸ್ವಾರಗೇಟ್‌ನಲ್ಲಿ ಇಳಿಯಬಹುದು. ಉತ್ಸವ ನಡೆಯುವ ಮುಕುಂದನಗರ ಅಲ್ಲಿಂದ ಹತ್ತಿರ. ವಸತಿ ಖರ್ಚಿನಲ್ಲೂ ಪುಣೆಯೇ ಹಗುರ. ಬಾಂದ್ರಾದಲ್ಲಿ ರೂಮು ಹುಡುಕುವ ಬದಲು ದಾದರ್‌ನಲ್ಲಿ ಉಳಿದುಕೊಂಡರೆ ಜೇಬಿಗೆ ಒಳ್ಳೆಯದು.

ಹಾಗಾದರೆ ಯಾವುದು? ನುಡಿಸಲು ಶುರು ಮಾಡಿ ವರ್ಷ ಕೂಡ ಆಗದವರು ಮನೆಯಲ್ಲಿ 2004 ಮತ್ತು 2013ರ ಕ್ರಾಸ್‌ರೋಡ್ಸ್ ನೋಡಿ, ಅಷ್ಟು ಸಾಕು. ಬ್ಯಾಂಡ್ ಕಟ್ಟಬೇಕು, ನಾಲ್ಕು ಜನರ ಜೊತೆ ನುಡಿಸಬೇಕು ಅನ್ನುವವರಿಗೆ ನನ್ನ ಉತ್ತರ ಮುಂಬೈ. ಕೂಡಿ ನುಡಿಸುವುದನ್ನು ಕಣ್ಣಾರೆ ನೋಡಿಯೇ ಕಲಿಯಬೇಕು, ನಮ್ಮೂರಲ್ಲಿ ಅದಕ್ಕೆ ಅವಕಾಶ ಕಡಿಮೆ. ಕೈ ಓಡುತ್ತದೆ, ಆದರೆ ನುಡಿಸಿದ್ದು ಯಾಕೋ ಮನಸ್ಸಿಗೆ ತಟ್ಟುವುದಿಲ್ಲ ಅನ್ನಿಸುವವರು ಪುಣೆಗೆ ಹೋಗಿ. ನಾನಂತೂ ಈಗ ಪುಣೆಯ ಕಡೆಗೇ ವಾಲಿದ್ದೇನೆ. ಕಾಕಾನ ಒತ್ತಾಯ ಅದಕ್ಕೆ ಕಾರಣವಲ್ಲ. ಆ ಷಡ್ಜದಿಂದ ನಿಷಾದಕ್ಕೆ ಇಳಿದ ದಾರಿ ನನ್ನ ಕೈಗೆ ಇನ್ನೂ ಬಂದಿಲ್ಲ.

ಮುಂಬೈಗೆ ಒಂದೇ ರಾತ್ರಿಯ ಟಿಕೆಟ್ ತಗೊಂಡು ಹೋಗುತ್ತೇನೆ ಅನ್ನುವವರಿಗೆ ಒಂದು ಮಾತು. ಎಲ್ಲರೂ ಜ್ಯಾಮ್ ಆಸೆಗೆ ಎರಡನೇ ರಾತ್ರಿ ಆರಿಸುತ್ತಾರೆ. ದುಡ್ಡು ಹೊಂದಿಸಲು ಆಗುವುದಾದರೆ ಎರಡೂ ರಾತ್ರಿಗೆ ತಗೊಳ್ಳಿ. ಆಗುವುದಿಲ್ಲ ಅಂದರೆ ಎರಡನೇ ರಾತ್ರಿಗೇ ಹೋಗಿ, ಆದರೆ ಬಾಗಿಲು ತೆರೆಯುವ ಹೊತ್ತಿಗೆ ಒಳಗಿರಿ. ಸಂಜೆಯ ಮೊದಲ ತಂಡದಿಂದ ಕೇಳಿದವರಿಗೆ ಕೊನೆಗೆ ವೇದಿಕೆಯ ಮೇಲೆ ಯಾರ ಸ್ವರ ಯಾವುದು ಅಂತ ಕಣ್ಣು ಮುಚ್ಚಿಕೊಂಡರೂ ಗೊತ್ತಾಗುತ್ತದೆ.