ಹುಬ್ಬಳ್ಳಿಯ ಮೆಡಿಕಲ್ ಕೋಡಿಂಗ್ ಕ್ಲಾಸ್: ಪಾಠ ಚೆನ್ನ, ನಮ್ಮ ಉಣ್ಣಿಗೇ ಜಾಗವಿಲ್ಲ

ಧಾರವಾಡದಲ್ಲಿ ಬಿ.ಎಸ್ಸಿ ಮುಗಿಸಿ ಹುಬ್ಬಳ್ಳಿಯ ಒಂದು ಮೆಡಿಕಲ್ ಕೋಡಿಂಗ್ ಕ್ಲಾಸಿಗೆ, ಅಂದ್ರೆ ಬಿಲ್ಲು, ಇನ್ಶೂರೆನ್ಸಿಗಾಗಿ ಕಾಯಿಲೆಗಳಿಗೆ ಕೋಡ್ ಹಾಕೋದು ಕಲಿಸುವ ಕ್ಲಾಸಿಗೆ ಸೇರಿದ್ದೆ. ಈಗ ಇಲ್ಲೇ ಆಸ್ಪತ್ರೆಯೊಂದರ ಇನ್ಶೂರೆನ್ಸ್ ಡೆಸ್ಕಿನಲ್ಲಿದ್ದೇನೆ. "ಅಕ್ಕಾ, ಕ್ಲಾಸ್ ಹೆಂಗದ?" ಅಂತ ಜೂನಿಯರ್‌ಗಳು ಕೇಳುತ್ತಲೇ ಇರುತ್ತಾರೆ. ಅದಕ್ಕೇ ಬರೆದೆ. ಹೆಸರು ಬೇಡ, ಎಲ್ಲರೂ ಗುರುತಿನವರೇ.

ಪಾಠದ ಬಗ್ಗೆ ಎರಡು ಮಾತಿಲ್ಲ. ಸರ್ ಬೋರ್ಡಿನ ನಡುವೆ ಗೆರೆ ಎಳೆದು, ಉಣ್ಣಿ ಕಚ್ಚಿ ಲೈಮ್ ಕಾಯಿಲೆ ಬಂದ ಒಬ್ಬನೇ ಪೇಷಂಟಿನ ಕೇಸನ್ನು ಎರಡೂ ಕಡೆ ಬರೆಸುತ್ತಿದ್ದರು. ಒಂದು ಕಡೆ ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆ ಕೋಡ್‌ಗಳ ಪಟ್ಟಿ ಐಸಿಡಿ-10. ಅದರಲ್ಲಿ ಲೈಮ್‌ಗೆ ಎ69.2. ಕೀಲು ಊದಿದ್ದರೆ ಜೊತೆಗೆ ಎಂ01.2. ಮೊದಲನೆಯದು ಮೂಲ ಕಾಯಿಲೆ, ಅದಕ್ಕೆ ಡ್ಯಾಗರ್ (†) ಗುರುತು; ಎರಡನೆಯದು ಅದರಿಂದಾದ ತೊಂದರೆ, ಅದಕ್ಕೆ ಸ್ಟಾರ್ (*). ಇನ್ನೊಂದು ಕಡೆ, ಅಮೆರಿಕದವರು ತಮಗೆ ಬೇಕಾದಂತೆ ಮಾಡಿಕೊಂಡ ಐಸಿಡಿ-10 ಪುಸ್ತಕದಲ್ಲಿ ಅದೆಲ್ಲ ಒಂದೇ ಕೋಡಿನಲ್ಲಿ ಮುಗಿಯುತ್ತದೆ: ಎ69.23.

ಸಿಟ್ಟು ಬರುವುದು ನಮ್ಮಲ್ಲಿ ಉಣ್ಣಿಯಿಂದಲೇ ಹರಡುವ ಮಂಗನ ಕಾಯಿಲೆ ವಿಷಯಕ್ಕೆ. ನೋಟ್ಸಿನಲ್ಲಿ ಒಂದು ಸಾಲೂ ಇಲ್ಲ! ಅಮೆರಿಕದ ಬಿಲ್ಲಿಂಗ್‌ಗೆ ತಯಾರು ಮಾಡುತ್ತಾರೆ, ಒಪ್ಪಿದೆ. ಆದರೆ ಶಿರಸಿ, ಸಿದ್ದಾಪುರದ ಕಡೆಯವರು ದೊಡ್ಡ ಆಸ್ಪತ್ರೆ ಅಂತ ಹುಬ್ಬಳ್ಳಿಗೂ ಬರುತ್ತಾರೆ ಅಲ್ವಾ? 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಕಾಯಿಲೆ ಇದು. ಆ ಕಾಡಿನ ಹೆಸರೇ ಕೋಡ್ ಪುಸ್ತಕದಲ್ಲಿದೆ, ಎ98.2. ಪಕ್ಕದ ಮನೆ ಎ98.3 ಮಾರ್ಬರ್ಗ್, ಅದರಾಚೆ ಎ98.4 ಎಬೋಲ. ಎಂಥಾ ಓಣಿ ನೋಡ್ರಿ!

ಹೊಸಬರು "ಉಣ್ಣಿ, ವೈರಸ್" ಅಂತ ಓದಿದ ಕೂಡಲೇ ಎ84ಕ್ಕೆ ಹೋಗಿಬಿಡುತ್ತಾರೆ. ಅದು ಉಣ್ಣಿಯಿಂದ ಬರುವ ಮೆದುಳು ಜ್ವರದ ಕೋಡ್. ಮಂಗನ ಕಾಯಿಲೆಯಲ್ಲೂ ಕೆಲವರಿಗೆ ಜ್ವರ ಬಿಟ್ಟು ಮತ್ತೆ ಬಂದಾಗ ಮೆದುಳಿಗೆ ತೊಂದರೆಯಾಗುತ್ತದೆ, ಹಾಗಾಗಿ ಗೊಂದಲ ಸಹಜ. ಐಸಿಡಿ ಮಾತ್ರ ಇದನ್ನು ರಕ್ತಸ್ರಾವದ ವೈರಲ್ ಜ್ವರಗಳ ಗುಂಪಿಗೆ ಸೇರಿಸಿದೆ. ಇಂಥದ್ದನ್ನು ಕ್ಲಾಸಿನಲ್ಲೇ ಹೇಳಬೇಕಿತ್ತು. ಇನ್ನೊಂದು, ಡಾಕ್ಟರ್ ಬರೀ "ಜ್ವರ" ಅಂತ ಬರೆದಿದ್ದರೆ ಆರ್50.9 ಹಾಕಿ. ಪೇಷಂಟ್ ಮಲೆನಾಡಿನವರು ಅಂತ ಸುಮ್ನೆ ಎ98.2 ಹಾಕೋಕೆ ಬರಲ್ಲ.

2022ರ ಜನವರಿಯಲ್ಲಿ ಜಾರಿಗೆ ಬಂದ ಹೊಸ ಪಟ್ಟಿ ಐಸಿಡಿ-11ರ ಸುದ್ದಿಯೂ ಕ್ಲಾಸಿನಲ್ಲಿಲ್ಲ. ಅದರಲ್ಲಿ ಲೈಮ್ ಕೋಡ್ 1ಸಿ1ಜಿ ಆಗಿದೆ.

ಫೀ ಜಾಸ್ತಿ, ಕಂತಿನಲ್ಲಿ ಕಟ್ಟಬಹುದು. ಎಸಿ ಹೆಸರಿಗಷ್ಟೇ ಇದೆ. ಅಮೆರಿಕದ ಬಿಲ್ಲಿಂಗ್ ಕೆಲಸ ಬೇಕಿದ್ದವರು ಧೈರ್ಯವಾಗಿ ಸೇರಿ. ಇಲ್ಲಿನ ಆಸ್ಪತ್ರೆ ಕೆಲಸ ಸಾಕು ಅನ್ನುವವರು ಮೊದಲು ಆನ್‌ಲೈನಿನಲ್ಲಿ ಕೋಡ್ ಹುಡುಕುವ ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ ಬ್ರೌಸರ್ ತೆರೆದು ನೋಡಿ. ಪುಕ್ಕಟೆ ಇದೆ.