ತೋಟದ ಲೆಕ್ಕಕ್ಕೆ ಯಾವ ಮೌಸ್? ಡಾಂಗಲ್, ಬ್ಲೂಟೂತ್, ಚಾರ್ಜಿಂಗ್ ಮೂರನ್ನೂ ಬಳಸಿ ನೋಡಿದ ಮೇಲೆ

ಚಿಕ್ಕಮಗಳೂರಿನಲ್ಲಿದ್ದುಕೊಂಡು ಕೆಲವು ಕಾಫಿ ತೋಟಗಳ ಲೆಕ್ಕ ಬರೆಯುವುದು ನನ್ನ ಕೆಲಸ. ಅರ್ಧ ಕೆಲಸ ಪೇಟೆಯ ಮನೆಯಲ್ಲಿ, ಇನ್ನರ್ಧ ಆಲ್ದೂರು, ಮಲ್ಲಂದೂರು ಕಡೆಯ ತೋಟದ ಆಫೀಸುಗಳಲ್ಲಿ. ನವೆಂಬರ್ ಹೊತ್ತಿಗೆ ಅರೇಬಿಕಾ ಕೊಯ್ಲು ಶುರುವಾದರೆ, ರೋಬಸ್ಟಾ ಮುಗಿಯುವ ತನಕ ಎಕ್ಸೆಲ್ ಮುಚ್ಚುವ ಹಾಗೇ ಇಲ್ಲ. ಹಣ್ಣು ಕೊಯ್ದವರಿಗೆ ಕೆಜಿ ಲೆಕ್ಕದಲ್ಲಿ ಕೂಲಿ. ಒಂದು ಸಾಲು ಹೆಚ್ಚುಕಮ್ಮಿಯಾದರೆ ಬಟವಾಡೆ ದಿನ ಯಾರದೋ ಕೈಗೆ ದುಡ್ಡು ಕಡಿಮೆ ಹೋಗುತ್ತದೆ. ಹಾಗಾಗಿ ಮೌಸ್ ಸರಿ ಇರಬೇಕು ಅನ್ನುವುದರಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟು.

ಇದೇ ಕೆಲಸಕ್ಕೆ ಮೂರು ಥರದ ವೈರ್‌ಲೆಸ್ ಮೌಸ್ ಬಳಸಿದ್ದೇನೆ. ಯುಎಸ್‌ಬಿ ಡಾಂಗಲ್ (ಮೌಸಿನ ಜೊತೆ ಬರುವ ಪುಟ್ಟ ರಿಸೀವರ್) ಚುಚ್ಚಿ, ಒಂದು ಎಎ ಸೆಲ್ ಹಾಕುವ ಸಾದಾ ಮೌಸ್ ಒಂದು. ಡಾಂಗಲ್ಲೇ ಬೇಡದ ಬ್ಲೂಟೂತ್ ಮೌಸ್ ಇನ್ನೊಂದು. ಮೂರನೆಯದು ಒಳಗೇ ಬ್ಯಾಟರಿ ಇರುವ, ಮೊಬೈಲ್ ಥರ ಚಾರ್ಜ್ ಮಾಡುವಂಥದ್ದು. ನನ್ನ ಓಟು ಮೊದಲನೆಯದಕ್ಕೆ. ಅದಕ್ಕೂ ತೊಂದರೆ ಇದೆ, ಆದರೆ ಅದರ ತೊಂದರೆಗೆ ಕಾರಣ ಗೊತ್ತು, ಮದ್ದೂ ಗೊತ್ತು.

ಡಾಂಗಲ್ ಮೌಸಿನ ದೊಡ್ಡ ದೂರು ಅಂದರೆ ಬಾಣ ತಡವರಿಸುವುದು. ಕೂಲಿ ಪಟ್ಟಿಯ ಒಂದು ಕಾಲಂ ಸೆಲೆಕ್ಟ್ ಮಾಡುತ್ತಾ ಕೆಳಗೆ ಎಳೆಯುತ್ತೀರಿ. ಬಾಣ ಅರ್ಧದಲ್ಲಿ ನಿಲ್ಲುತ್ತದೆ. ಕೈ ಮುಂದೆ ಹೋಗಿರುತ್ತದೆ. ಆಮೇಲೆ ಒಮ್ಮೆಗೇ ನಾಲ್ಕೈದು ಸಾಲು ಹಾರಿ ಬೇರೆಯವರ ಹೆಸರಿನ ಮೇಲೆ ಕೂತುಬಿಡುತ್ತದೆ. ಎಲ್ಲರೂ ಮೊದಲು ಮಾಡುವುದು ಸೆಲ್ ಬದಲಾಯಿಸುವುದು. ನನ್ನ ವಿಷಯದಲ್ಲಿ ಸೆಲ್ ಚೆನ್ನಾಗಿಯೇ ಇತ್ತು. ಡಾಂಗಲ್ ಪಕ್ಕದ ನೀಲಿ ಪೋರ್ಟಿನಲ್ಲಿ ಬ್ಯಾಕಪ್ ಹಾರ್ಡ್ ಡಿಸ್ಕ್ ಇತ್ತು. ಅದು ಓಡುತ್ತಿದ್ದಾಗ ಮಾತ್ರ ಈ ಕಾಟ.

ಇಂಥ ಮೌಸ್‌ಗಳು ಮಾತಾಡುವುದು 2.4 ಗಿಗಾಹರ್ಟ್ಸ್ ರೇಡಿಯೋ ಅಲೆಯಲ್ಲಿ. ಯುಎಸ್‌ಬಿ 3.0 ಪೋರ್ಟಿನಲ್ಲಿ (ನೀಲಿ ಬಣ್ಣದ್ದು ಸಾಮಾನ್ಯವಾಗಿ ಇದೇ) ಡೇಟಾ ಓಡುವಾಗ ಅದೇ ಜಾಗದಲ್ಲಿ ರೇಡಿಯೋ ಗದ್ದಲ ಏಳುತ್ತದೆ. 2012ರಲ್ಲಿ ಇಂಟೆಲ್ ಕಂಪನಿಯೇ ಈ ಬಗ್ಗೆ ಒಂದು ತಾಂತ್ರಿಕ ವರದಿ ಹೊರತಂದಿತ್ತು. ಡಾಂಗಲ್ಲಿನ ಆಂಟೆನಾ ಉಗುರಿನಷ್ಟು ಜಾಗದಲ್ಲಿ ಇರುತ್ತದೆ, ಪಕ್ಕದಲ್ಲೇ ಗದ್ದಲ ಇದ್ದರೆ ಮೌಸ್ ಹೇಳಿದ್ದು ಅದಕ್ಕೆ ಕೇಳಿಸುವುದಿಲ್ಲ, ಅಷ್ಟೇ. ಡಾಂಗಲ್ಲನ್ನು ಲ್ಯಾಪ್‌ಟಾಪಿನ ಆಚೆ ಬದಿಯ ಕಪ್ಪು ಪೋರ್ಟಿಗೆ ಹಾಕಿದೆ, ಸರಿಹೋಯಿತು. ತೋಟದ ಡೆಸ್ಕ್‌ಟಾಪ್‌ನಲ್ಲಿ ಪೋರ್ಟುಗಳೆಲ್ಲ ಡಬ್ಬದ ಹಿಂದೆ, ಡಬ್ಬ ಕಬ್ಬಿಣದ ಬೀರು ಪಕ್ಕ. ಅಲ್ಲಿ ಒಂದು ಗಿಡ್ಡ ಎಕ್ಸ್‌ಟೆನ್ಷನ್ ಕೇಬಲ್ ತಂದು ಡಾಂಗಲ್ಲನ್ನು ಮೇಜಿನ ಮೇಲೆ ಮೌಸಿನ ಎದುರಿಗೇ ಇಟ್ಟಿದ್ದೇನೆ. ಹೊಸ ಮೌಸ್ ತಗೊಳ್ಳುವ ಮುಂಚೆ ಇದನ್ನೊಮ್ಮೆ ಮಾಡಿ ನೋಡಿ, ದಯವಿಟ್ಟು. ಚೆನ್ನಾಗಿರುವ ಮೌಸನ್ನು ಸುಮ್ನೆ ಬಿಸಾಡುವವರನ್ನು ಕಂಡರೆ ನನಗೆ ಬೇಜಾರು.

ಬ್ಲೂಟೂತ್ ಕೂಡ ಅದೇ 2.4 ಗಿಗಾಹರ್ಟ್ಸ್ ಅಲೆ. ಆದರೆ ಗದ್ದಲ ಇರುವ ಚಾನೆಲ್ ಬಿಟ್ಟು ಬೇರೆ ಚಾನೆಲ್‌ಗೆ ಹಾರುತ್ತಾ ಇರುತ್ತದೆ. ಲ್ಯಾಪ್‌ಟಾಪಿನ ಆಂಟೆನಾ ಸಾಮಾನ್ಯವಾಗಿ ಪರದೆಯ ಅಂಚಿನಲ್ಲಿ, ಪೋರ್ಟುಗಳಿಂದ ದೂರ. ಹಾರ್ಡ್ ಡಿಸ್ಕ್ ಹಾಕಿದಾಗ ನನ್ನ ಬ್ಲೂಟೂತ್ ಮೌಸ್ ಹೆಚ್ಚು ತೊಂದರೆ ಕೊಟ್ಟಿಲ್ಲ. ಒಂದು ಪೋರ್ಟೂ ಉಳಿಯುತ್ತದೆ. ಲ್ಯಾಪ್‌ಟಾಪ್ ಹೊತ್ತು ಊರೂರು ತಿರುಗುವವರಿಗೆ ಇದು ಒಳ್ಳೆಯದು ಅಂತಲೇ ಹೇಳುತ್ತೇನೆ.

ನನಗೆ ಹಿಡಿಸದೇ ಹೋದದ್ದು ಅದರ ನಿದ್ದೆ. ತೋಟದ ರೈಟರ್, ಅಂದರೆ ಅಲ್ಲಿನ ಗುಮಾಸ್ತರು, ಬಂದು ಯಾವ ಬ್ಲಾಕಿನಲ್ಲಿ ಎಷ್ಟು ಕೆಜಿ ಅಂತ ಓದಿ ಹೇಳುತ್ತಾರೆ. ಕೇಳಿಸಿಕೊಂಡು, ಚೀಟಿ ನೋಡಿ, ಮತ್ತೆ ಮೌಸಿಗೆ ಕೈ ಹಾಕಿದರೆ ಬಾಣ ಕದಲುವುದಿಲ್ಲ. ಒಂದೆರಡು ಸೆಕೆಂಡ್ ಅಲ್ಲಾಡಿಸಬೇಕು. ಡಾಂಗಲ್ ಮೌಸೂ ನಿದ್ದೆ ಮಾಡುತ್ತದೆ, ಆದರೆ ಮುಟ್ಟಿದ ಕೂಡಲೇ ಏಳುತ್ತದೆ. ಇನ್ನೊಂದು, ತೋಟದ ಹಳೇ ಕಂಪ್ಯೂಟರಿನಲ್ಲಿ ಬ್ಲೂಟೂತ್ತೇ ಇಲ್ಲ. ವಿಂಡೋಸ್ ಕೆಟ್ಟು ಮತ್ತೆ ಹಾಕುವಾಗಲೂ ಬ್ಲೂಟೂತ್ ಮೌಸ್ ಸಾಮಾನ್ಯವಾಗಿ ಕೈಕೊಡುತ್ತದೆ. ಡಾಂಗಲ್ ಆದರೆ ಚುಚ್ಚಿದರೆ ಮುಗೀತು.

ಚಾರ್ಜಿಂಗ್ ಮೌಸ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕೈಗೆ ಹಗುರ, ಕ್ಲಿಕ್ ಸದ್ದಿಲ್ಲ. ರಾತ್ರಿ ಮಕ್ಕಳು ಮಲಗಿದ ಮೇಲೆ ಕೆಲಸ ಮಾಡಲು ಹಿತ. ಆದರೆ ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋದರೆ ಲ್ಯಾಪ್‌ಟಾಪಿನಲ್ಲಿ ಉಳಿದ ಕರೆಂಟೇ ಗತಿ, ಮೌಸಿಗೂ ಅದರಿಂದಲೇ ಕೊಡಬೇಕು. ಒಳಗಿನ ಬ್ಯಾಟರಿ ಸವೆದರೆ ಬದಲಾಯಿಸಿಕೊಡುವವರು ಇಲ್ಲಿ ನನಗೆ ಸಿಕ್ಕಿಲ್ಲ. ಎಎ ಸೆಲ್ ಹಾಗಲ್ಲ, ತೋಟದ ದಾರಿಯ ಪೆಟ್ಟಿಗೆ ಅಂಗಡಿಯಲ್ಲೂ ಸಿಗುತ್ತದೆ.

ಸೆಲ್ ಹಾಕುವವರಿಗೆ ಒಂದು ಮಾತು. ಆ ಅಂಗಡಿಗಳಲ್ಲಿ ಸಿಗುವ ಅಗ್ಗದ ಸೆಲ್ ಹೆಚ್ಚಾಗಿ ಜಿಂಕ್ ಕಾರ್ಬನ್. ಆಲ್ಕಲೈನ್‌ಗೆ ದುಡ್ಡು ಜಾಸ್ತಿ, ಬಾಳಿಕೆ ಅದಕ್ಕಿಂತ ಜಾಸ್ತಿ. ಯಾವುದೇ ಆಗಲಿ, ತಿಂಗಳುಗಟ್ಟಲೆ ಮುಟ್ಟದೆ ಇಡುವುದಾದರೆ ತೆಗೆದಿಡಿ. ಜೂನ್‌ನಲ್ಲಿ ಒಳಗಿಟ್ಟ ಮೌಸನ್ನು ಕೊಯ್ಲಿಗೆ ಹೊರಗೆ ತೆಗೆದರೆ ಸ್ಪ್ರಿಂಗ್ ಮೇಲೆ ಬಿಳಿ ಪುಡಿ ಕಟ್ಟಿರುತ್ತದೆ. ಆಲ್ಕಲೈನ್ ಸೆಲ್ ಸೋರಿದ್ದಾದರೆ ಅದು ಕ್ಷಾರ. ಹತ್ತಿಗೆ ಒಂದು ಹನಿ ನಿಂಬೆರಸ ಹಚ್ಚಿ ಒರೆಸಿ, ಚೆನ್ನಾಗಿ ಒಣಗಿಸಿದರೆ ಎಷ್ಟೋ ಸಲ ಮೌಸ್ ಮತ್ತೆ ಓಡುತ್ತದೆ. ಪುಡಿ ಬರಿಗೈಗೆ ತಾಗದಿರಲಿ.

ಮೂರಕ್ಕೂ ಒಂದೇ ಥರ ಆಗದ ಜಾಗ ಅಂದರೆ ಗಾಜು. ಹಳೇ ತೋಟದ ಆಫೀಸಿನ ಮೇಜುಗಳ ಮೇಲೆ ಗಾಜಿನ ಹಲಗೆ, ಅದರಡಿ ದೇವರ ಫೋಟೋ, ವಿಸಿಟಿಂಗ್ ಕಾರ್ಡು ಇರುತ್ತವಲ್ವಾ? ಮೌಸಿನ ಹೊಟ್ಟೆಯಲ್ಲಿರುವುದು ಪುಟ್ಟ ಕ್ಯಾಮೆರಾ. ಸೆಕೆಂಡಿಗೆ ಸಾವಿರಕ್ಕೂ ಹೆಚ್ಚು ಚಿತ್ರ ತೆಗೆದು, ಮೇಲ್ಮೈಯ ಸಣ್ಣ ಒರಟು ಎತ್ತ ಸರಿಯಿತು ಅಂತ ನೋಡುತ್ತದೆ. ನುಣ್ಣನೆ ಗಾಜಿನಲ್ಲಿ ಅದಕ್ಕೆ ಹಿಡಿಯಲು ಏನೂ ಸಿಗುವುದಿಲ್ಲ. ಲಾಜಿಟೆಕ್‌ನ ಡಾರ್ಕ್‌ಫೀಲ್ಡ್ ಸೆನ್ಸರ್ ಇರುವ ಮೌಸ್ ಗಾಜಿನ ಮೇಲೂ ನಡೆಯುತ್ತದೆ, ಗಾಜು 4 ಮಿಲಿಮೀಟರ್ ಆದರೂ ದಪ್ಪ ಇರಬೇಕು. ಅದು ದುಬಾರಿ ಸಾಲು. ನಾನು ಹಳೇ ಕ್ಯಾಲೆಂಡರಿನ ಹಿಂಬದಿ ಹಾಸಿಕೊಳ್ಳುತ್ತೇನೆ. ಅಂದಹಾಗೆ, ಮೌಸಿನಡಿ ಕೆಂಪು ದೀಪ ಕಾಣದಿದ್ದರೆ ಕೆಟ್ಟಿದೆ ಅಂದುಕೊಳ್ಳಬೇಡಿ. ಈಗ ಎಷ್ಟೋ ಮೌಸ್‌ಗಳಲ್ಲಿ ಇನ್‌ಫ್ರಾರೆಡ್ ಬೆಳಕು, ಕಣ್ಣಿಗೆ ಕಾಣುವುದಿಲ್ಲ.

ಡಾಂಗಲ್ ಕಳೆದುಹೋದರೆ? ಇದು ನಿಜವಾದ ಭಯ. ಅಗ್ಗದ ಮೌಸುಗಳಲ್ಲಿ ಡಾಂಗಲ್ಲಿಗೂ ಮೌಸಿಗೂ ಕಂಪನಿಯಲ್ಲೇ ಜೋಡಿ ಕಟ್ಟಿರುತ್ತಾರೆ, ಬೇರೆ ಡಾಂಗಲ್ ಹಾಕಿದರೆ ನಡೆಯುವುದಿಲ್ಲ. ಲಾಜಿಟೆಕ್‌ನ ಯೂನಿಫೈಯಿಂಗ್ ಥರದ ರಿಸೀವರ್ ಆದರೆ ಬೇರೆಯದನ್ನು ತಂದು ಜೋಡಿಸಬಹುದು, ಒಂದಕ್ಕೇ 6 ಸಾಧನ ತನಕ ಹೊಂದಿಸಬಹುದು. ಅಂಗಡಿಯಲ್ಲಿ ಬೆಲೆ ಕೇಳುವ ಮುಂಚೆ ಪೆಟ್ಟಿಗೆಯ ಮೇಲೆ ಇದನ್ನು ಓದಿ. ಆಮೇಲೆ ಸೆಲ್ಲಿನ ಮುಚ್ಚಳ ತೆಗೆಸಿ, ಒಳಗೆ ಡಾಂಗಲ್ ಇಡುವ ಗೂಡು ಇದೆಯಾ, ಅಲ್ಲಿ ಅದು ಬಿಗಿಯಾಗಿ ಕೂರುತ್ತದಾ ಅಂತ ಬೆರಳಲ್ಲಿ ಒತ್ತಿ ನೋಡಿಯೇ ದುಡ್ಡು ಕೊಡಿ.